ಚಳಿಗಾಲದ ಅರ್ಧ ಊಟ: ಕೊರಿಯಾದ ಕಿಮ್ಚಿ

ಕರ್ನಾಟಕದ ಊಟದಲ್ಲಿ ಉಪ್ಪಿನಕಾಯಿಗೆ ಎಲೆಯ ಒಂದು ಮೂಲೆಯಲ್ಲಿ ಸ್ಥಾನ. ಅದಿದ್ದರೆ ಊಟಕ್ಕೆ ರುಚಿ. ಇಲ್ಲದಿದ್ದರೂ ಊಟ ನಿಲ್ಲುವುದಿಲ್ಲ. ಕೊರಿಯಾ ದೇಶದಲ್ಲಿ ಹಾಗಲ್ಲ. ಅಲ್ಲಿ ಉಪ್ಪಿನಲ್ಲಿ ಹುದುಗಿಸಿದ ತರಕಾರಿಯು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಅನ್ನದ ಪಕ್ಕದಲ್ಲಿ ಇರಲೇಬೇಕು. ಇದಕ್ಕೆ ಕಿಮ್ಚಿ ಎಂದು ಹೆಸರು. ಹೊಲದಲ್ಲಿ ಬೆಳೆದ ಸೊಪ್ಪು ತರಕಾರಿಯನ್ನು ಕೆಡದಂತೆ ಕಾಪಾಡಿ, ಹಿಮ ಬೀಳುವ ನಾಲ್ಕು ತಿಂಗಳನ್ನು ದಾಟಲು ಒಂದು ಇಡೀ ಜನಾಂಗವು ಕಂಡುಕೊಂಡ ಉಪಾಯವಿದು. ತರಕಾರಿ ಬೆಳೆಯುವ ರೈತರು ಇದರಿಂದ ತಿಳಿಯಬೇಕಾದ ವಿಷಯಗಳು ಅನೇಕ ಇವೆ.

ಹವಾಗುಣ ಮತ್ತು ಊಟದ ಕ್ರಮ

ಕೊರಿಯಾ ಮೂರು ಕಡೆ ಸಮುದ್ರವಿರುವ, ಬೆಟ್ಟಗುಡ್ಡಗಳಿಂದ ತುಂಬಿದ ಪರ್ಯಾಯ ದ್ವೀಪ. ಭಾರತದಂತೆ ಅಲ್ಲಿಯೂ ಮಳೆಗಾಲವುಂಟು. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲೇ ಸುರಿಯುತ್ತದೆ. ಆದರೆ ನವೆಂಬರ್ ಕೊನೆಯ ಹೊತ್ತಿಗೆ ನೆಲ ಹೆಪ್ಪುಗಟ್ಟಲು ಆರಂಭಿಸುತ್ತದೆ. ಸೋಲ್ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿರುತ್ತದೆ. ಹಿಂದಿನ ಕಾಲದಲ್ಲಿ ಮಾರ್ಚ್ ಬರುವವರೆಗೆ ಹೊಲದಲ್ಲಿ ಹಸಿರೆಲೆ ಕಾಣುತ್ತಿರಲಿಲ್ಲ. ಧಾನ್ಯ ಕಣಜದಲ್ಲಿ ಉಳಿಯುತ್ತದೆ, ಸೊಪ್ಪು ಉಳಿಯುವುದಿಲ್ಲ. ಆದ್ದರಿಂದಲೇ ಅಲ್ಲಿನ ಗೃಹಿಣಿಯರು ಕಿಮ್ಚಿಯನ್ನು 'ಚಳಿಗಾಲದ ಅರ್ಧ ಆಹಾರ' ಎಂದು ಕರೆಯುತ್ತಾ ಬಂದಿದ್ದಾರೆ.

ಕೊರಿಯನ್ನರ ಊಟ ಸರಳವಾದುದು: ಅನ್ನ, ಸಾರು, ಮತ್ತು ಬಾನ್‌ಚಾನ್ ಎಂಬ ಚಿಕ್ಕ ಚಿಕ್ಕ ಬಟ್ಟಲುಗಳ ನೆಂಚಿಕೆಗಳು. ಹಳೆಯ ಪದ್ಧತಿಯಲ್ಲಿ ಊಟದ ದರ್ಜೆಯನ್ನು ನೆಂಚಿಕೆಗಳ ಸಂಖ್ಯೆಯಿಂದ ಅಳೆಯುತ್ತಿದ್ದರು. ಸಾಧಾರಣ ಮನೆಯಲ್ಲಿ 3, ಅನುಕೂಲಸ್ಥರಲ್ಲಿ 5 ಅಥವಾ 7, ಅರಮನೆಯಲ್ಲಿ 12. ಈ ಎಣಿಕೆಯಲ್ಲಿ ಅನ್ನ, ಸಾರು, ಕಿಮ್ಚಿ ಇವುಗಳನ್ನು ಸೇರಿಸುತ್ತಿರಲಿಲ್ಲ. ಬಡವನ ಮನೆಯಲ್ಲೂ ದೊರೆಯ ಮನೆಯಲ್ಲೂ ಅವು ಇದ್ದೇ ಇರುತ್ತವೆ ಎಂಬುದು ಇದರ ಅರ್ಥ.

ಬೆಳೆದು ಬಂದ ಬಗೆ

ಇಂದಿನ ಕೆಂಪು ಕಿಮ್ಚಿ ಬಹಳ ಹಳೆಯದಲ್ಲ. ಮೊದಲಿಗೆ ತರಕಾರಿಯನ್ನು ಬರಿಯ ಉಪ್ಪಿನಲ್ಲಿ ಹಾಕಿಡುತ್ತಿದ್ದರು. 1168ರಿಂದ 1241ರವರೆಗೆ ಬಾಳಿದ ಯಿ ಗ್ಯು-ಬೋ ಎಂಬ ಕವಿಯು ತನ್ನ ಕೈತೋಟದ ತರಕಾರಿಗಳನ್ನು ಕುರಿತು ಬರೆಯುವಾಗ, ಮೂಲಂಗಿಯನ್ನು ಚಳಿಗಾಲಕ್ಕಾಗಿ ಉಪ್ಪಿನಲ್ಲಿ ಹಾಕುವ ವಿಷಯವನ್ನು ಹೇಳಿದ್ದಾನೆ.

ಮೆಣಸಿನಕಾಯಿ ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದು, ಕಾಲಕ್ರಮದಲ್ಲಿ ಬ್ಯಾಡಗಿಯ ಹೆಸರನ್ನು ಬೆಳಗಿಸಿತು. ಅದೇ ಗಿಡವು ಪೂರ್ವದ ಸಮುದ್ರ ಮಾರ್ಗದಲ್ಲಿ ಸಾಗಿ, 16ನೇ ಶತಮಾನದ ಕೊನೆಯ ಸುಮಾರಿಗೆ ಕೊರಿಯಾವನ್ನು ತಲುಪಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1614ರ ಒಂದು ಕೊರಿಯನ್ ಗ್ರಂಥದಲ್ಲಿ ಅದರ ಉಲ್ಲೇಖವಿದೆ. ಕಿಮ್ಚಿಗೆ ಮೆಣಸಿನಕಾಯಿ ಸೇರಿಸುವ ಕ್ರಮವು 1766ರ ಕೃಷಿ ಗ್ರಂಥವೊಂದರಲ್ಲಿ ಕಂಡುಬರುತ್ತದೆ. ಎಲೆಗಳು ಒತ್ತಾಗಿ ಕೂಡಿಕೊಂಡ ದೊಡ್ಡ ಕೋಸಿನಿಂದ ಮಾಡುವ ಈಗಿನ ಕಿಮ್ಚಿ ಇನ್ನೂ ಈಚಿನದು. ಅದು ಹರಡಿದ್ದು 19ನೇ ಶತಮಾನದ ಕೊನೆಯ ಭಾಗದಿಂದ ಈಚೆಗೆ. ಹೊರಗಿನಿಂದ ಬಂದ ಬೆಳೆಯು ಒಂದು ನಾಡಿನ ಊಟದಲ್ಲಿ ಹೀಗೆ ಬೇರೂರಿದ್ದು ಗಮನಿಸತಕ್ಕ ಸಂಗತಿ.

ಬಳಸುವ ಕೋಸು ಯಾವುದು?

ಕಿಮ್ಚಿಗೆ ಬೇಕಾಗುವುದು ಕೋಲಾರ, ಮಾಲೂರುಗಳ ಕಡೆ ಬೆಳೆಯುವ ಗುಂಡನೆಯ ಎಲೆಕೋಸಲ್ಲ. ಅದು ಉದ್ದನೆಯ ಚೀನೀ ಎಲೆಕೋಸು; ಕೊರಿಯಾದಲ್ಲಿ ಬೇಚು ಎನ್ನುತ್ತಾರೆ. ಎಲೆಯ ದಂಟು ಬಿಳಿಯಾಗಿ ರಸಭರಿತವಾಗಿರುತ್ತದೆ. ಒಂದು ಗೆಡ್ಡೆ 2ರಿಂದ 3 ಕಿಲೋ ತೂಗುತ್ತದೆ. ಆಗಸ್ಟ್ ತಿಂಗಳಲ್ಲಿ ಸಸಿಮಡಿಗೆ ಬೀಜ ಹಾಕಿ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ ನಾಟಿ ಮಾಡಿ, ನವೆಂಬರ್‌ನಲ್ಲಿ ಕಟಾವು ಮಾಡುವುದು ಮುಖ್ಯ ಹಂಗಾಮು. ಸುಮಾರು 20 ಡಿಗ್ರಿ ಉಷ್ಣತೆಯಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ಬಿಸಿಲು ಹೆಚ್ಚಾದರೆ ಎಲೆಗಳು ಕೂಡಿಕೊಳ್ಳುವುದಿಲ್ಲ; ಮೆತು ಕೊಳೆ ರೋಗ ತಗಲುತ್ತದೆ. ದಕ್ಷಿಣದ ಹೇನಾಮ್ ಜಿಲ್ಲೆ ಶರತ್ಕಾಲದ ಮತ್ತು ಚಳಿಗಾಲದ ಬೆಳೆಗೆ ಹೆಸರಾಗಿದೆ. ಬೇಸಿಗೆಯಲ್ಲಿ ಮಾತ್ರ ಕಾಂಗ್ವಾನ್ ಪ್ರಾಂತದ ಎತ್ತರದ ಬೆಟ್ಟಗಳ ಮೇಲೆ ಬೆಳೆಯುತ್ತಾರೆ.

ತಯಾರಿಸುವ ವಿಧಾನ

1. ಕೋಸನ್ನು ಬುಡದಿಂದ ಉದ್ದುದ್ದಕ್ಕೆ ಎರಡು ಅಥವಾ ನಾಲ್ಕು ಹೋಳಾಗಿ ಸೀಳಬೇಕು. ಎಲೆಗಳು ಬುಡದಲ್ಲಿ ಬಿಟ್ಟುಕೊಳ್ಳಬಾರದು.

2. 10 ಲೀಟರ್ ನೀರಿಗೆ ಸುಮಾರು 1 ಕಿಲೋ ಕಲ್ಲುಪ್ಪು ಕರಗಿಸಿ, ಹೋಳುಗಳನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಡಬೇಕು. ದಂಟು ದಪ್ಪವಾಗಿರುವ ಕಡೆ ಎಲೆಗಳ ನಡುವೆ ಸ್ವಲ್ಪ ಉಪ್ಪು ಉದುರಿಸುವುದು ವಾಡಿಕೆ. ದಂಟನ್ನು ಬಗ್ಗಿಸಿದರೆ ಮುರಿಯದೆ ಬಾಗಬೇಕು, ಅದೇ ಹದ.

3. ಬಳಿಕ ಒಳ್ಳೆಯ ನೀರಿನಲ್ಲಿ ಮೂರು ಸಲ ತೊಳೆದು, ಬೋರಲು ಹಾಕಿ ನೀರು ಬಸಿಯಲು ಬಿಡಬೇಕು.

4. ಉಪ್ಪು ಹಿಡಿದ 100 ಭಾಗ ಕೋಸಿಗೆ ಹೆರೆದ ಮೂಲಂಗಿ 13 ಭಾಗ, ಮೆಣಸಿನಪುಡಿ 3.5 ಭಾಗ, ಈರುಳ್ಳಿ ಸೊಪ್ಪು 2 ಭಾಗ, ಬೆಳ್ಳುಳ್ಳಿ 1.4 ಭಾಗ, ಶುಂಠಿ 0.6 ಭಾಗ ಎಂಬುದು ಒಂದು ಸಾಮಾನ್ಯ ಪ್ರಮಾಣ. ಇದಕ್ಕೆ ಉಪ್ಪಿನಲ್ಲಿ ಕಳಿಸಿದ ಚಿಕ್ಕ ಸೀಗಡಿ ಅಥವಾ ಮೀನಿನ ರಸವನ್ನು ಸೇರಿಸುತ್ತಾರೆ. ಮಸಾಲೆ ಅಂಟಿಕೊಳ್ಳಲು ಅಕ್ಕಿಹಿಟ್ಟಿನ ಗಂಜಿಯಲ್ಲಿ ಕಲಸುವುದುಂಟು. ಬೌದ್ಧ ಮಠಗಳಲ್ಲಿ ಮೀನು, ಬೆಳ್ಳುಳ್ಳಿ, ಈರುಳ್ಳಿಗಳನ್ನು ಬಳಸುವುದಿಲ್ಲ.

5. ಈ ಮಸಾಲೆಯನ್ನು ಒಂದೊಂದು ಎಲೆಯ ನಡುವೆಯೂ ಸವರಿ, ಹೊರಗಿನ ಎಲೆಯಿಂದ ಹೋಳನ್ನು ಸುತ್ತಿ, ಗುಡಾಣದಲ್ಲಿ ಗಾಳಿ ನಿಲ್ಲದಂತೆ ಒತ್ತಿ ತುಂಬಬೇಕು. ಬಾಯಿಯವರೆಗೆ ತುಂಬಿದರೆ ರಸ ಉಕ್ಕಿ ಹೊರಚೆಲ್ಲುತ್ತದೆ.

ಎಣ್ಣೆ ಹಾಕುವುದಿಲ್ಲ, ಒಗ್ಗರಣೆ ಇಲ್ಲ, ಒಲೆಯ ಮೇಲೆ ಬೇಯಿಸುವುದೂ ಇಲ್ಲ. ಸಿದ್ಧವಾದ ಕಿಮ್ಚಿಯಲ್ಲಿ ಉಪ್ಪು ಸುಮಾರು ಶೇಕಡ 2.5ರಷ್ಟು ಮಾತ್ರ ಇರುತ್ತದೆ. ಮಾವಿನ ಉಪ್ಪಿನಕಾಯಿಯ ಉಪ್ಪಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಹಾಗಾದರೆ ಅದು ಕೆಡದೆ ಉಳಿಯುವುದು ಹೇಗೆ?

ಹುದುಗುವಿಕೆಯ ಮರ್ಮ

ಕೋಸಿನ ಎಲೆಯ ಮೇಲೆ ಅನೇಕ ಬಗೆಯ ಸೂಕ್ಷ್ಮಜೀವಿಗಳು ಇರುತ್ತವೆ. ಉಪ್ಪು ಎಲೆಯೊಳಗಿನ ನೀರನ್ನೂ ಸಕ್ಕರೆಯನ್ನೂ ಹೊರಗೆಳೆಯುತ್ತದೆ. ಕೊಳೆಸುವ ಅನೇಕ ಜೀವಾಣುಗಳು ಉಪ್ಪಿಗೆ ಹಿಮ್ಮೆಟ್ಟುತ್ತವೆ. ಉಪ್ಪು, ಚಳಿ ಎರಡನ್ನೂ ತಾಳಬಲ್ಲ ಲ್ಯಾಕ್ಟಿಕ್ ಆಮ್ಲದ ಜೀವಾಣುಗಳು ಗಾಳಿಯಿಲ್ಲದ ಗುಡಾಣದಲ್ಲಿ ವೃದ್ಧಿಯಾಗುತ್ತವೆ. ಅವು ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸಿದಂತೆ ಕೊಳೆಸುವ ಜೀವಾಣುಗಳಿಗೆ ಉಳಿಗಾಲವಿಲ್ಲದಂತಾಗುತ್ತದೆ. ಅಂದರೆ ಕಿಮ್ಚಿಯನ್ನು ಕಾಯುವುದು ಉಪ್ಪೊಂದೇ ಅಲ್ಲ; ಉಪ್ಪಿನ ನೆರವಿನಿಂದ ಬೆಳೆದ ಹುಳಿ.

ಇವುಗಳಲ್ಲಿ ಮೊದಲು ಕೆಲಸಕ್ಕೆ ತೊಡಗುವ ಮುಖ್ಯ ಜೀವಾಣು ಲ್ಯುಕೊನಾಸ್ಟಾಕ್. ಇದರ ಒಂದು ಪ್ರಭೇದವಾದ ಲ್ಯುಕೊನಾಸ್ಟಾಕ್ ಮೆಸೆಂಟೆರಾಯಿಡಿಸ್ ಕರ್ನಾಟಕದ ಗೃಹಿಣಿಯರಿಗೆ ಹೊಸತಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಿನ ಹೊತ್ತಿಗೆ ಉಬ್ಬುವುದು ಮುಖ್ಯವಾಗಿ ಇದರಿಂದಲೇ. ಹಿಟ್ಟಿನಲ್ಲಿ ಗಾಳಿಗುಳ್ಳೆ ಎಬ್ಬಿಸುವ ಇಂಗಾಲದ ಡೈ ಆಕ್ಸೈಡ್ ಕಿಮ್ಚಿಯ ರಸಕ್ಕೆ ಸೋಡಾದಂತಹ ಚುರುಕು ಕೊಡುತ್ತದೆ. ಹುಳಿ ಏರಿದಂತೆ ಲ್ಯಾಕ್ಟೊಬ್ಯಾಸಿಲಸ್ ಗುಂಪಿನ ಜೀವಾಣುಗಳು ಮೇಲುಗೈ ಪಡೆಯುತ್ತವೆ.

ಹದಕ್ಕೆ ಬರುವ ಅವಧಿ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿಯಲ್ಲಿ ಎರಡು ಮೂರು ದಿನ ಸಾಕು. 5 ಡಿಗ್ರಿಯಲ್ಲಿ ಮೂರು ವಾರಗಳಾದರೂ ಬೇಕು. ನಿಧಾನವಾಗಿ ಹದಗೊಂಡ ಕಿಮ್ಚಿಯೇ ರುಚಿ. ಹುಳಿಯ ಅಂಶ ಶೇಕಡ 0.6ರಿಂದ 0.8ರಷ್ಟಿರುವಾಗ ಅದು ಒಳ್ಳೆಯ ಹದದಲ್ಲಿರುತ್ತದೆ. ಮಿತಿಮೀರಿ ಹುಳಿಯಾದುದನ್ನೂ ಚೆಲ್ಲುವುದಿಲ್ಲ. ಮಾಂಸ ಅಥವಾ ಸೋಯಾ ಹಾಲಿನ ಗಿಣ್ಣಿನೊಡನೆ ಕುದಿಸಿ ಗೊಜ್ಜಿನಂತೆ ಮಾಡುತ್ತಾರೆ. ಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪುಗಳನ್ನು ಸೂರಿನ ಕೆಳಗೆ ತೂಗುಹಾಕಿ ಒಣಗಿಸಿ ಸಾರಿಗೆ ಬಳಸುತ್ತಾರೆ.

ನೆಲದೊಳಗಿನ ಗುಡಾಣ

ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದುದನ್ನು ಮೈಸೂರು ಸೀಮೆಯ ಹಿರಿಯರು ಬಲ್ಲರು. ಕೊರಿಯಾದ ರೈತರು ಕಿಮ್ಚಿ ತುಂಬಿದ ಗುಡಾಣವನ್ನು ಹಿತ್ತಿಲಲ್ಲಿ ಕತ್ತಿನವರೆಗೆ ಹೂಳುತ್ತಿದ್ದರು. ಮೇಲೆ ಹುಲ್ಲಿನ ಹೊದಿಕೆ. ಹೊರಗೆ ಹಿಮ ಬಿದ್ದರೂ ನೆಲದೊಳಗೆ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಿಮ್ಚಿ ಹೆಪ್ಪುಗಟ್ಟುವುದೂ ಇಲ್ಲ, ಬೇಗ ಹುಳಿಯುವುದೂ ಇಲ್ಲ. ಓಂಗ್ಗಿ ಎಂಬ ಈ ಗುಡಾಣವು ಒರಟು ಜೇಡಿಮಣ್ಣಿನದು. ಅದರ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಸ್ವಲ್ಪಮಟ್ಟಿಗೆ ಗಾಳಿಯಾಡುತ್ತದೆ.

ಅಂತಹ ಗುಡಾಣಗಳಲ್ಲೇ ಜಾಂಗ್ ಎಂಬ ಸೋಯಾ ಅವರೆಯ ಪದಾರ್ಥಗಳನ್ನೂ ಇಡುತ್ತಾರೆ. ಬೇಯಿಸಿ ಕುಟ್ಟಿದ ಸೋಯಾ ಅವರೆಯನ್ನು ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಹುಲ್ಲಿನಲ್ಲಿರುವ ಬ್ಯಾಸಿಲಸ್ ಜೀವಾಣು ಅದನ್ನು ಹುದುಗಿಸುತ್ತದೆ. ವಸಂತಕಾಲದ ಮುನ್ನ ಅದನ್ನು ಉಪ್ಪುನೀರಿನಲ್ಲಿ ನೆನೆಸಿ, ಕೆಲವು ವಾರಗಳ ಬಳಿಕ ಸೋಸಿದರೆ ದ್ರವವು ಸಾರಿಗೆ ಬಳಸುವ ಕಾನ್‌ಜಾಂಗ್, ಗಟ್ಟಿಯು ದ್ವೆಂಜಾಂಗ್. ಜಾಂಗ್ ಹಾಕುವುದು ಮತ್ತು ಚಳಿಗಾಲದ ಕಿಮ್ಚಿ ಹಾಕುವುದು, ಇವೆರಡೂ ಒಂದು ಸಂಸಾರದ ವರ್ಷದ ದೊಡ್ಡ ಕೆಲಸಗಳೆಂದು 1849ರಲ್ಲಿ ರಚಿತವಾದ ಹಬ್ಬಹರಿದಿನಗಳ ಗ್ರಂಥವೊಂದು ದಾಖಲಿಸಿದೆ.

ಮುಯ್ಯಾಳಿನ ಹಬ್ಬ

ಚಳಿಗಾಲದ ಕಿಮ್ಚಿಯನ್ನು ಒಟ್ಟಾಗಿ ತಯಾರಿಸುವುದಕ್ಕೆ ಕಿಮ್‌ಜಾಂಗ್ ಎಂದು ಹೆಸರು. ನವೆಂಬರ್ 7ರ ಸುಮಾರಿಗೆ ಬರುವ ಚಳಿಗಾಲದ ಆರಂಭದ ದಿನದಿಂದ ಇದರ ಸಿದ್ಧತೆ. ದೊಡ್ಡ ಕುಟುಂಬವೊಂದಕ್ಕೆ ಹಿಂದೆ ನೂರು ಗೆಡ್ಡೆ ಕೋಸು ಬೇಕಾಗುತ್ತಿತ್ತು. ಇದು ಒಬ್ಬಳು ಗೃಹಿಣಿಯಿಂದ ಆಗುವ ಕೆಲಸವಲ್ಲ. ನಾಟಿಗೆ, ಕಳೆಗೆ ಮುಯ್ಯಾಳು ಹೋಗುವಂತೆ ಕೊರಿಯಾದ ಹಳ್ಳಿಗಳಲ್ಲಿ ಪೂಮಾಸಿ ಎಂಬ ಪದ್ಧತಿಯಿದೆ. ಇಂದು ಒಂದು ಮನೆ, ನಾಳೆ ಪಕ್ಕದ ಮನೆ. ಅತ್ತೆಯ ಕೈಯಳತೆಯನ್ನು ಸೊಸೆ ಕಲಿಯುವುದು ಅಲ್ಲಿಯೇ. ಕೆಲಸ ಮುಗಿದ ಸಂಜೆ ಬೇಯಿಸಿದ ಹಂದಿ ಮಾಂಸವನ್ನು ಹೊಸ ಕಿಮ್ಚಿಯೊಡನೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಬಂದವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಕೆಲಸಕ್ಕೆ ಬರಲಾಗದ ಮುದುಕರ, ಬಡವರ ಮನೆಗೂ ಪಾಲು ಹೋಗುತ್ತದೆ. ನಗರಗಳಲ್ಲಿ ಈ ಖರ್ಚಿಗೆಂದು ನೌಕರರಿಗೆ ಕಿಮ್‌ಜಾಂಗ್ ಬೋನಸ್ ಕೊಡುವ ಪದ್ಧತಿಯೂ ಇತ್ತು.

ಚಳಿ ಹೆಚ್ಚಿರುವ ಉತ್ತರದಲ್ಲಿ ಉಪ್ಪು ಖಾರ ಕಡಿಮೆ, ರಸ ಹೆಚ್ಚು. ಬೇಗ ಹುಳಿಯುವ ಬೆಚ್ಚನೆಯ ದಕ್ಷಿಣದಲ್ಲಿ ಉಪ್ಪು, ಖಾರ, ಮೀನಿನ ರಸ ಎಲ್ಲವೂ ಹೆಚ್ಚು. ದೇಶವು ಎರಡಾಗಿ ಒಡೆದರೂ ಈ ಪದ್ಧತಿ ಒಡೆಯಲಿಲ್ಲ. ಯುನೆಸ್ಕೊ ಸಂಸ್ಥೆಯು ಮಾನವ ಕುಲದ ಪರಂಪರೆಗಳ ಪಟ್ಟಿಯಲ್ಲಿ 2013ರಲ್ಲಿ ದಕ್ಷಿಣ ಕೊರಿಯಾದ ಕಿಮ್‌ಜಾಂಗನ್ನು, 2015ರಲ್ಲಿ ಉತ್ತರ ಕೊರಿಯಾದ ಕಿಮ್ಚಿ ತಯಾರಿಕೆಯನ್ನು, 2024ರಲ್ಲಿ ದಕ್ಷಿಣದ ಜಾಂಗ್ ತಯಾರಿಕೆಯನ್ನು ಸೇರಿಸಿತು.

ಬೀಜ ಕೊಟ್ಟ ವಿಜ್ಞಾನಿ

ಇಷ್ಟು ಮುಖ್ಯವಾದ ಬೆಳೆಗೂ ಒಂದು ಕಾಲದಲ್ಲಿ ಕೊರಿಯಾ ಜಪಾನಿನ ಬೀಜವನ್ನೇ ನೆಚ್ಚಿಕೊಂಡಿತ್ತು. 1945ರಲ್ಲಿ ಜಪಾನಿನ ಆಡಳಿತ ಕೊನೆಗೊಂಡಾಗ ಒಳ್ಳೆಯ ಕೋಸು ಮೂಲಂಗಿ ಬೀಜಗಳಿಗೆ ಅಭಾವ ಉಂಟಾಯಿತು. ಈ ಕೊರತೆಯನ್ನು ನೀಗಿದವರು ವೂ ಜಾಂಗ್-ಚುನ್.

1898ರಲ್ಲಿ ಜಪಾನಿನಲ್ಲಿ ಕೊರಿಯನ್ ತಂದೆ ಮತ್ತು ಜಪಾನೀ ತಾಯಿಗೆ ಹುಟ್ಟಿದ ವೂ, ಸಾಸಿವೆ ಕುಟುಂಬದ ಬೆಳೆಗಳ ಸಂಬಂಧವನ್ನು 1935ರಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದಿದ್ದರು. ಚೀನೀ ಎಲೆಕೋಸಿನ ಜಾತಿಯಲ್ಲಿ 10 ಜೊತೆ, ಗುಂಡು ಎಲೆಕೋಸಿನ ಜಾತಿಯಲ್ಲಿ 9 ಜೊತೆ ವರ್ಣತಂತುಗಳಿವೆ. ಇವೆರಡೂ ಕೂಡಿ 19 ಜೊತೆಯ ಎಣ್ಣೆ ಬೀಜದ ರೇಪ್ ಬೆಳೆ ಉಂಟಾಯಿತೆಂದು ಅವರು ಸಂಕರಣದಿಂದ ತೋರಿಸಿದರು. ಭಾರತದ ಒಗ್ಗರಣೆ ಸಾಸಿವೆಯೂ ಇಂತಹುದೇ ಕೂಡಿಕೆ: ಅದರ 18 ಜೊತೆಗಳಲ್ಲಿ 10 ಚೀನೀ ಎಲೆಕೋಸಿನ ಜಾತಿಯಿಂದ, 8 ಕಪ್ಪು ಸಾಸಿವೆಯಿಂದ ಬಂದವು.

1950ರ ಮಾರ್ಚ್‌ನಲ್ಲಿ ವೂ ಸಂಸಾರವನ್ನು ಜಪಾನಿನಲ್ಲಿ ಬಿಟ್ಟು ಕೊರಿಯಾಕ್ಕೆ ಬಂದರು. ಮೂರೇ ತಿಂಗಳಲ್ಲಿ ಯುದ್ಧ ಆರಂಭವಾಯಿತು. ಬೂಸಾನ್ ಬಳಿಯ ತೋಂಗ್ನೇಯಲ್ಲಿದ್ದ ಸಂಶೋಧನಾ ಕೇಂದ್ರದಲ್ಲಿ ಅವರು ಕೋಸು, ಮೂಲಂಗಿಗಳ ತಳಿ ಅಭಿವೃದ್ಧಿ ಮತ್ತು ಬೀಜೋತ್ಪಾದನೆಯನ್ನು ಮುಂದುವರಿಸಿದರು. ತಾಯಿ ತೀರಿಕೊಂಡಾಗ ಜಪಾನಿಗೆ ಹೋಗಲು ಸರ್ಕಾರದ ಅನುಮತಿ ದೊರೆಯಲಿಲ್ಲ. ದುಃಖದ ಸಮಯದಲ್ಲಿ ಜನರು ಕೊಟ್ಟ ಹಣದಿಂದ ಅವರು ಕೇಂದ್ರದ ಆವರಣದಲ್ಲಿ ಬಾವಿ ತೋಡಿಸಿದರು. 1959ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೊರಿಯಾದ ರೈತನಿಗೆ ತನ್ನ ನೆಲದಲ್ಲೇ ಬೆಳೆದ ಕೋಸಿನ ಬೀಜ ಸಿಗುವಂತಾಗಿತ್ತು.

ಬೆಳೆಗಾರನ ಇಂದಿನ ಕಷ್ಟ

ಕಿಮ್‌ಜಾಂಗ್ ನಡೆಯುವವರೆಗೆ ಬೆಳೆಗಾರನಿಗೆ ಒಂದು ಭರವಸೆಯಿತ್ತು. ದೇಶದ ಪ್ರತಿ ಮನೆಯೂ ಒಂದೇ ತಿಂಗಳಲ್ಲಿ ಕೋಸು ಕೊಳ್ಳುತ್ತಿತ್ತು. ಈಗ ಸಂಸಾರಗಳು ಚಿಕ್ಕವಾಗಿವೆ. ಬಹುಮಹಡಿ ಮನೆಗಳಲ್ಲಿ ಗುಡಾಣ ಹೂಳಲು ಹಿತ್ತಿಲಿಲ್ಲ. ಅದರ ಬದಲಿಗೆ 1990ರ ದಶಕದಿಂದ ಕಿಮ್ಚಿಗೆಂದೇ ಮಾಡಿದ ಶೀತಕ ಪೆಟ್ಟಿಗೆಗಳು ಬಂದಿವೆ. ಸಿದ್ಧ ಕಿಮ್ಚಿಯನ್ನು ಅಂಗಡಿಯಲ್ಲಿ ಕೊಳ್ಳುವವರು ಹೆಚ್ಚಾಗಿದ್ದಾರೆ. ಹೋಟೆಲುಗಳಲ್ಲಿ ಅಗ್ಗವಾದ ಆಮದು ಕಿಮ್ಚಿಯ ಬಳಕೆ ಅಧಿಕ. ಆಮದಿನ ಬಹುಪಾಲೆಲ್ಲ ಚೀನಾದಿಂದ ಬರುತ್ತದೆ. ಕಿಮ್ಚಿಯ ತವರೇ ಕಿಮ್ಚಿಯನ್ನು ಹೊರಗಿನಿಂದ ತರಿಸಿಕೊಳ್ಳುವ ಸ್ಥಿತಿ ಒದಗಿದೆ.

ಬೆಲೆಯ ಏರಿಳಿತವೂ ತೀವ್ರ. 2010ರಲ್ಲಿ ಪ್ರತಿಕೂಲ ಹವಾಮಾನದಿಂದ ಬೆಳೆ ಹಾಳಾಗಿ ಒಂದು ಗೆಡ್ಡೆಯ ಬೆಲೆ 10,000 ವಾನ್ ದಾಟಿತು. ಸರ್ಕಾರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆದುಹಾಕಬೇಕಾಯಿತು. 2024ರ ಬೇಸಿಗೆ ದೀರ್ಘವಾಗಿ ಬೆಟ್ಟದ ಬೆಳೆ ಸೊರಗಿದಾಗ ಚೀನಾದಿಂದ ಹಸಿ ಕೋಸನ್ನೇ ತರಿಸಲಾಯಿತು. ಬೆಳೆ ಹೆಚ್ಚಾದ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾಗಿ ಕೋಸನ್ನು ಹೊಲದಲ್ಲೇ ಉತ್ತು ಮುಚ್ಚಿದ್ದೂ ಇದೆ. ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರುವ ರೂಢಿ ಅಲ್ಲಿ ವ್ಯಾಪಕವಾಗಿರುವುದರಿಂದ ಬೆಲೆ ಏರಿದಾಗಲೂ ಅದರ ಲಾಭ ಎಲ್ಲ ರೈತರನ್ನು ಮುಟ್ಟುವುದಿಲ್ಲ.

ಇದಕ್ಕೆ ಕೆಲವು ರೈತರು ತಾವೇ ಪರಿಹಾರ ಹುಡುಕಿದರು. ನಡುನಾಡಿನ ಗ್ವೇಸಾನ್ ಜಿಲ್ಲೆಯ ಬೆಳೆಗಾರರು 1990ರ ದಶಕದಲ್ಲಿ ಕೋಸನ್ನು ಹಳ್ಳಿಯಲ್ಲೇ ಸೀಳಿ, ಉಪ್ಪುನೀರಿನಲ್ಲಿ ನೆನೆಸಿ, ತೊಳೆದು, ಪೆಟ್ಟಿಗೆಯಲ್ಲಿ ಪಟ್ಟಣದ ಮನೆಗಳಿಗೆ ಕಳುಹಿಸಲು ಆರಂಭಿಸಿದರು. ಗೃಹಿಣಿಗೆ ಅತ್ಯಂತ ಕಷ್ಟದ ಕೆಲಸ ತಪ್ಪಿತು. ಮಸಾಲೆ ಹಚ್ಚುವುದಷ್ಟೇ ಉಳಿಯಿತು. ಕೈಬಿಡಬೇಕೆಂದಿದ್ದ ಮನೆಗಳೂ ಕಿಮ್‌ಜಾಂಗ್ ಮುಂದುವರಿಸಿದವು. ರೈತನಿಗೆ ಮಧ್ಯವರ್ತಿ ಇಲ್ಲದ ಮಾರಾಟ, ಹಳ್ಳಿಯವರಿಗೆ ಕೆಲಸ ಎರಡೂ ದೊರೆತವು. ಬಳಸಿದ ಉಪ್ಪುನೀರನ್ನು ಹೊಲಕ್ಕೆ ಬಿಟ್ಟರೆ ನೆಲ ಚೌಳಾಗುವುದರಿಂದ, ಅದನ್ನು ಸಂಗ್ರಹಿಸಿ ಬಿಸಿಲಿನಲ್ಲಿ ಇಂಗಿಸಿ ಉಪ್ಪನ್ನು ಬೇರ್ಪಡಿಸುವ ಏರ್ಪಾಡನ್ನೂ ಅಲ್ಲಿ ಮಾಡಿದ್ದಾರೆ.

ಗಮನಿಸಬೇಕಾದ ಮಾತು

ಕಿಮ್ಚಿಯಲ್ಲಿ ನಾರಿನಂಶ, ಜೀವಸತ್ವಗಳು ಮತ್ತು ಉಪಯುಕ್ತ ಜೀವಾಣುಗಳು ಇವೆ. ಆದರೆ ಅದು ಎಲ್ಲ ರೋಗಗಳಿಗೂ ಮದ್ದೆಂಬ ಪ್ರಚಾರವನ್ನು ನಂಬಬಾರದು. ಮೂರು ಹೊತ್ತೂ ತಿನ್ನುವುದರಿಂದ ದೇಹಕ್ಕೆ ಸೇರುವ ಉಪ್ಪು ಕಡಿಮೆಯದಲ್ಲ. ರಕ್ತದೊತ್ತಡ ಇರುವವರು ಎಚ್ಚರಿಕೆಯಿಂದಿರಬೇಕೆಂದು ವೈದ್ಯರು ಹೇಳುತ್ತಾರೆ. ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆಯಾದ ಕೋಡೆಕ್ಸ್ 2001ರಲ್ಲಿ ಕಿಮ್ಚಿಗೆ ಗುಣಮಟ್ಟ ನಿಗದಿ ಮಾಡಿ, ಉಪ್ಪು ಶೇಕಡ 1ರಿಂದ 4ರೊಳಗೆ, ಹುಳಿ ಶೇಕಡ 1ಕ್ಕೆ ಮೀರದಂತೆ ಇರಬೇಕೆಂದು ಗೊತ್ತುಪಡಿಸಿದೆ.

ತರಕಾರಿ ಕೊಯ್ದ ದಿನದಿಂದಲೇ ಕೆಡಲು ಆರಂಭಿಸುತ್ತದೆ. ಅದರೊಡನೆ ಬೆಳೆಗಾರನ ಬೆಲೆಯೂ ಕುಸಿಯುತ್ತದೆ. ಉಪ್ಪು, ಚಳಿ ಮತ್ತು ನೆರೆಹೊರೆಯ ಕೈಗಳಿಂದ ಕೊರಿಯಾದ ಜನರು ಆ ಕೆಡುವಿಕೆಯನ್ನು ನಾಲ್ಕು ತಿಂಗಳು ತಡೆದು ನಿಲ್ಲಿಸಿದರು. ಮನೆಯಲ್ಲಿ ಸಂಸ್ಕರಿಸುವ ಅಭ್ಯಾಸ ಇರುವವರೆಗೆ ಹೊಲದ ಬೆಳೆಗೆ ಬೇಡಿಕೆ ಇರುತ್ತದೆ. ಅದು ತಪ್ಪಿದರೆ ಮೊದಲು ನೋವು ತಟ್ಟುವುದು ರೈತನಿಗೆ. ಗ್ವೇಸಾನ್ ರೈತರಂತೆ ಆ ಅಭ್ಯಾಸವನ್ನು ಉಳಿಸಲು ರೈತನೇ ಒಂದು ಹೆಜ್ಜೆ ಮುಂದಿಟ್ಟರೆ ಅಡುಗೆಮನೆಗೂ ಹೊಲಕ್ಕೂ ಲಾಭವುಂಟು.